ಸ್ಟೂಲ್ ಮಾಡಲು ನಾಲ್ಕು ವರ್ಷದ ಡಿಗ್ರಿ ಏಕೆ?

ಫರ್ನಿಚರ್, ಪ್ರಾಡಕ್ಟ್ ಡಿಸೈನ್ ಕಲಿಯಲು ಡಿಗ್ರಿ ಏಕೆ ಎಂದು ಕೇಳುವವರು ಒಂದು ಸಾಧಾರಣ ಮರದ ಸ್ಟೂಲ್ ತೆಗೆದುಕೊಳ್ಳಿ. ಕಾಲು 40 ಮಿ.ಮೀ. ಚೌಕ. ಅದರ ಎರಡು ಪಕ್ಕಕ್ಕೆ ಬಂದು ಸೇರುವ ಅಡ್ಡಪಟ್ಟಿಗಳು 22 ಮಿ.ಮೀ. ದಪ್ಪ. ಪ್ರತಿ ಪಟ್ಟಿಯ ತುದಿಯಲ್ಲೂ 8 ಮಿ.ಮೀ. ದಪ್ಪದ, 20 ಮಿ.ಮೀ. ಉದ್ದದ ನಾಲಿಗೆ ಬಿಡಬೇಕು. ಟೆನನ್ ಎನ್ನುವುದು ಇದನ್ನೇ. ಕಾಲಿನಲ್ಲಿ ಅದೇ ಅಳತೆಯ ಕುಳಿ ಕೊರೆದು ನಾಲಿಗೆಯನ್ನು ಕೂರಿಸಬೇಕು. ಕಂಪ್ಯೂಟರಿನಲ್ಲಾದರೆ ಪಟ್ಟಿಯನ್ನು ಕಾಲಿನ ನಟ್ಟನಡುವೆ ಇಟ್ಟು, ಮೇಲೆ ತೇಗದ ಬಣ್ಣ ಎಳೆದುಬಿಟ್ಟರೆ ಚಿತ್ರ ಮುಗಿಯಿತು. ಮರದಲ್ಲಿ ಮಾತ್ರ ಎರಡನೆಯ ಪಟ್ಟಿ ಒಳಗೆ ಹೋಗುವುದಿಲ್ಲ. ಮೊದಲನೆಯ ಪಟ್ಟಿಯ ನಾಲಿಗೆ ಕಾಲಿನ ಒಳಮುಖದಿಂದ 16 ಮಿ.ಮೀ. ದೂರದಲ್ಲೇ ಅಡ್ಡ ಕೂತಿದೆ. 20 ಹೋಗಬೇಕಾದ್ದು 16ಕ್ಕೇ ನಿಂತಿತು. ಪಟ್ಟಿಗೂ ಕಾಲಿಗೂ ನಡುವೆ 4 ಮಿ.ಮೀ. ಸಂದಿ. ಅದನ್ನು ಫೆವಿಕಾಲ್ ಮತ್ತು ಮರದ ಪುಡಿಯಲ್ಲಿ ಮೆತ್ತಿ ಮುಚ್ಚಿದರೆ ಕೆಲವೇ ತಿಂಗಳಲ್ಲಿ ಸ್ಟೂಲ್ ಕಿರುಗುಟ್ಟುತ್ತದೆ.

ಪರಿಹಾರ ಕಷ್ಟದ್ದಲ್ಲ. ಎರಡೂ ಪಟ್ಟಿಗಳನ್ನು ನಡುವಿನಿಂದ 4 ಮಿ.ಮೀ. ಹೊರಮುಖದ ಕಡೆಗೆ ಸರಿಸಿದರೆ ನಾಲಿಗೆಗಳು ಒಂದಕ್ಕೊಂದು ಮುಟ್ಟಿಯೂ ಮುಟ್ಟದಂತೆ ನಿಲ್ಲುತ್ತವೆ. ಇನ್ನೂ ಉದ್ದದ ನಾಲಿಗೆ ಬೇಕಿದ್ದರೆ ತುದಿಗಳನ್ನು 45 ಡಿಗ್ರಿಗೆ ಓರೆ ಕತ್ತರಿಸಬಹುದು. ಅದೂ ಬೇಡವೆಂದರೆ ಒಂದು ಪಟ್ಟಿಯನ್ನು ಮೇಲೆ, ಇನ್ನೊಂದನ್ನು ಸ್ವಲ್ಪ ಕೆಳಗೆ ಇಡಬಹುದು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಮೂವತ್ತು ವರ್ಷ ಉಳಿ ಹಿಡಿದ ಆಚಾರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿಲ್ಲ, ಕೈಗೇ ಗೊತ್ತಿರುತ್ತದೆ. ಹಾಗಾದರೆ ಡಿಗ್ರಿ ಏಕೆ ಎಂದು ಮನೆಯ ಹಿರಿಯರು ಕೇಳುವುದರಲ್ಲಿ ತಪ್ಪಿಲ್ಲ. ಉತ್ತರ ಇಷ್ಟೇ: ಆಚಾರಿ ಆ 4 ಮಿ.ಮೀ.ಯನ್ನು ತನ್ನ ಕಣ್ಣೆದುರಿನ ಸ್ಟೂಲಿನಲ್ಲಿ ಸರಿಮಾಡುತ್ತಾನೆ. ಡಿಸೈನರ್ ಅದನ್ನು ಕಾಗದದ ಮೇಲೇ ಹಿಡಿಯಬೇಕು. ತಾನು ಮುಖವನ್ನೇ ನೋಡದ ಯಾರೋ, ಇನ್ನೆಲ್ಲೋ ಒಂದು ಕಾರ್ಖಾನೆಯಲ್ಲಿ, ಅಂಥದ್ದನ್ನು 500 ಮಾಡಿದರೂ ಒಂದೂ ಅಲುಗಬಾರದು. ಕಲಿಕೆಯೆಲ್ಲ ಇರುವುದು ಇಲ್ಲಿ.

ಈಗ ಈ ಪ್ರಶ್ನೆಗೆ ಮೊದಲಿಗಿಂತ ಹೆಚ್ಚು ತೂಕ ಬಂದಿದೆ. ಪಿಯುಸಿ ಫಲಿತಾಂಶ ಬಂದೊಡನೆ ಮೈಸೂರು, ಮಂಡ್ಯದ ಮನೆಗಳಿಗೆ ಬಿ.ಡಿಸ್. (ಬ್ಯಾಚುಲರ್ ಆಫ್ ಡಿಸೈನ್) ಜಾಹೀರಾತುಗಳು ಬರತೊಡಗುತ್ತವೆ. ಎಲ್ಲದರಲ್ಲೂ ಹೊಳೆಯುವ ಕುರ್ಚಿ, ದೀಪ, ಸೋಫಾಗಳ ಚಿತ್ರ. ಅಂಥ ಚಿತ್ರವನ್ನು ಇಂದು ಕೃತಕ ಬುದ್ಧಿಮತ್ತೆಯ ತಂತ್ರಾಂಶವೊಂದು ಅರೆ ನಿಮಿಷದಲ್ಲಿ ಕೊಡುತ್ತದೆ. ಚಿತ್ರಕ್ಕೆ ಬೆಲೆ ಇಳಿದಾಗ ಚಿತ್ರವನ್ನಷ್ಟೇ ಕಲಿಸುವ ಡಿಗ್ರಿಗೆ ಎಷ್ಟು ಬೆಲೆ ಕೊಡಬೇಕು ಎಂದು ಲಕ್ಷಗಟ್ಟಲೆ ಫೀಸು ಕಟ್ಟುವ ಮೊದಲು ಕೇಳಿಕೊಳ್ಳಲೇಬೇಕು.

ನಾಲ್ಕು ವರ್ಷದಲ್ಲಿ ಏನೇನು

ಮೊದಲೇ ಒಂದು ಗೊಂದಲ ತೀರಿಸಿಕೊಳ್ಳುವುದು ಒಳ್ಳೆಯದು. ಇಂಟೀರಿಯರ್ ಡಿಸೈನ್ ಬೇರೆ, ಫರ್ನಿಚರ್ ಡಿಸೈನ್ ಬೇರೆ. ಇಂಟೀರಿಯರಿನವರು ಕೋಣೆಯಿಂದ ಶುರುಮಾಡಿ ಕುರ್ಚಿಯನ್ನು ಆರಿಸುತ್ತಾರೆ. ಫರ್ನಿಚರಿನವರು ಕೂರುವ ದೇಹದಿಂದ ಶುರುಮಾಡಿ ಕುರ್ಚಿಯನ್ನು ಕಟ್ಟುತ್ತಾರೆ. ಪ್ರಾಡಕ್ಟ್ ಡಿಸೈನಿನ ಹರವು ಇನ್ನೂ ದೊಡ್ಡದು: ಮಿಕ್ಸಿ, ನೀರಿನ ಕ್ಯಾನು, ಆಸ್ಪತ್ರೆಯ ಡ್ರಿಪ್ ಸ್ಟ್ಯಾಂಡು, ಟ್ರ್ಯಾಕ್ಟರಿನ ಸೀಟು. ಹಲವು ಕಡೆ ಫರ್ನಿಚರ್, ಪ್ರಾಡಕ್ಟ್ ಎರಡಕ್ಕೂ ಮೊದಲ ಮೂರು ನಾಲ್ಕು ಸೆಮಿಸ್ಟರುಗಳ ಪಾಠ ಹೆಚ್ಚುಕಮ್ಮಿ ಒಂದೇ.

ಮೊದಲ ವರ್ಷ ಬುನಾದಿ. ಕೈಯಲ್ಲಿ ಚಿತ್ರ ಬರೆಯುವುದು, ಜ್ಯಾಮಿತಿ, ಬಣ್ಣ, ಕಾಗದ, ಜೇಡಿಮಣ್ಣು, ತಂತಿಯಲ್ಲಿ ಆಕಾರ ಕಟ್ಟುವುದು. ಇದು ಬರೀ ಆಟ ಎಂದು ಬೇಸರಪಡುವವರು ಬಹಳ. ಆದರೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದವನ್ನು ಮಡಿಸಿ ಒಂದು ಇಟ್ಟಿಗೆ ಹೊರುವಂತೆ ನಿಲ್ಲಿಸಿದವನಿಗೆ ಮುಂದೆ ತಗಡಿನ ಅಂಚನ್ನು ಏಕೆ ಮಡಿಸುತ್ತಾರೆ ಎಂದು ಬಿಡಿಸಿ ಹೇಳಬೇಕಾಗುವುದಿಲ್ಲ.

ಎರಡನೆಯ ವರ್ಷದಲ್ಲಿ ದೇಹದ ಅಳತೆ ಬರುತ್ತದೆ. ಕುರ್ಚಿಯ ಕೂರುವ ಎತ್ತರ ಸಾಮಾನ್ಯವಾಗಿ 400ರಿಂದ 450 ಮಿ.ಮೀ., ಆಳ 400ರಿಂದ 430, ಸೀಟು ಹಿಂದಕ್ಕೆ 3ರಿಂದ 5 ಡಿಗ್ರಿ ಇಳಿಜಾರು, ಬೆನ್ನು 100ರಿಂದ 105 ಡಿಗ್ರಿ. ಈ ಅಂಕಿಗಳನ್ನು ಬಾಯಿಪಾಠ ಮಾಡಿದರೆ ಪ್ರಯೋಜನವಿಲ್ಲ, ಅವು ಎಲ್ಲಿಂದ ಬಂದವೆಂದು ತಿಳಿದಿರಬೇಕು. ಮಂಡಿಯ ಹಿಂಬದಿಯಿಂದ ನೆಲದವರೆಗಿನ ಎತ್ತರಕ್ಕಿಂತ ಸೀಟು ಎತ್ತರವಾದರೆ ತೊಡೆಯ ಕೆಳಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ. ವಿದೇಶಿ ಕೋಷ್ಟಕದಿಂದ 460 ಎತ್ತಿಕೊಂಡು ಕುರ್ಚಿ ಮಾಡಿದರೆ ನಮ್ಮ ಕಡೆಯ ಅನೇಕ ಹೆಣ್ಣುಮಕ್ಕಳ ಪಾದ ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಭಾರತೀಯರ ದೇಹದ ಅಳತೆಗಳ ಸಂಗ್ರಹವೊಂದನ್ನು ಅಹಮದಾಬಾದಿನ ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) 1997ರಲ್ಲೇ ಹೊರತಂದಿದೆ. ಅದನ್ನು ತೆರೆದು ನೋಡದೆ ಪಾಸಾಗುವ ವಿದ್ಯಾರ್ಥಿಗಳಿದ್ದಾರೆ ಎಂಬುದು ಬೇರೆ ಮಾತು. ಇದೇ ವರ್ಷ ತಾಂತ್ರಿಕ ಡ್ರಾಯಿಂಗ್, ಮರ ಮತ್ತು ಲೋಹದ ವರ್ಕ್‌ಶಾಪ್, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್ ಕೂಡ ಇರುತ್ತವೆ. ಡ್ರಾಯಿಂಗ್ ನಮ್ಮಲ್ಲಿ ಫಸ್ಟ್ ಆ್ಯಂಗಲ್ ಪದ್ಧತಿಯದು: ಎಡದಿಂದ ಕಂಡ ನೋಟವನ್ನು ಬಲಕ್ಕೆ ಬರೆಯುತ್ತಾರೆ. ಥರ್ಡ್ ಆ್ಯಂಗಲಿನಲ್ಲಿ ಎಡದ್ದು ಎಡಕ್ಕೇ. ಅಮೆರಿಕದ ವಿಡಿಯೊ ನೋಡಿ ಕಲಿತವರು ಥರ್ಡ್ ಆ್ಯಂಗಲಿನಲ್ಲಿ ಬರೆದುಕೊಟ್ಟರೆ ಎಡಗಡೆಯ ತೂತು ಬಲಗಡೆ ಬೀಳುತ್ತದೆ.

ಮೂರನೆಯ ವರ್ಷದ ಹೊತ್ತಿಗೆ ಕಾರ್ಖಾನೆ. ಪ್ಲಾಸ್ಟಿಕ್ ಅಚ್ಚಿನ ವಸ್ತುವಿಗೆ ಗೋಡೆಯ ದಪ್ಪ 2ರಿಂದ 3 ಮಿ.ಮೀ., ಅಚ್ಚಿನಿಂದ ಬಿಡಿಸಿಕೊಳ್ಳಲು ಪಕ್ಕಗಳಿಗೆ 1ರಿಂದ 2 ಡಿಗ್ರಿ ಇಳಿಜಾರು, ಬಲಕ್ಕೆಂದು ಒಳಗೆ ಕೊಡುವ ಪಕ್ಕೆಲುಬಿನಂಥ ಪಟ್ಟಿಗಳ ದಪ್ಪ ಗೋಡೆಯ ಅರ್ಧದಿಂದ ಶೇ 60. ಪಕ್ಕೆಲುಬು ಅದಕ್ಕಿಂತ ದಪ್ಪವಾದರೆ ಆ ಜಾಗ ನಿಧಾನಕ್ಕೆ ತಣಿದು ಹೊರಮೈಯಲ್ಲಿ ಗುಳಿ ಬೀಳುತ್ತದೆ. ಅಚ್ಚಿನ ಲೆಕ್ಕವೂ ಇಲ್ಲೇ ಬರುತ್ತದೆ. ಒಂದು ಅಚ್ಚಿಗೆ 6 ಲಕ್ಷ ರೂಪಾಯಿ ಆಯಿತೆಂದಿಟ್ಟುಕೊಳ್ಳಿ. 500 ತುಂಡು ತೆಗೆದರೆ ತಲಾ 1,200 ರೂಪಾಯಿ ಅಚ್ಚಿಗೇ ಹೋಯಿತು, 50,000 ತೆಗೆದರೆ 12 ರೂಪಾಯಿ. ಎಷ್ಟು ತುಂಡು ಎಂಬುದು ಗೊತ್ತಾಗದೆ ಪ್ಲಾಸ್ಟಿಕ್ಕೋ ತಗಡೋ ಮರವೋ ಎಂದು ತೀರ್ಮಾನಿಸುವುದಕ್ಕೇ ಆಗದು.

ನಾಲ್ಕನೆಯ ವರ್ಷ ಉದ್ಯಮದಲ್ಲಿ ತರಬೇತಿ, ಕೊನೆಗೆ ಪದವಿ ಯೋಜನೆ. ಅದು ಚೆನ್ನಾಗಿ ಆಗುವುದೂ ಕೆಡುವುದೂ ಮೊದಲ ಮೂರು ವರ್ಷದ ಮೇಲೆ ನಿಂತಿದೆ.

ಮರ ಸುಮ್ಮನಿರುವುದಿಲ್ಲ

ವರ್ಕ್‌ಶಾಪಿಗೆ ಬದಲಿ ಇಲ್ಲ ಎನ್ನುವುದಕ್ಕೆ ಮರವೇ ಸಾಕ್ಷಿ. ತೇಗ ಅಲುಗಾಡದ ಮರವೆಂದು ಹೆಸರುವಾಸಿ. ಆದರೂ ಅದರ ತೇವ ಶೇ 1ರಷ್ಟು ಬದಲಾದರೆ ಎಳೆಗೆ ಅಡ್ಡಲಾಗಿ ಅಗಲ ಸುಮಾರು ಶೇ 0.19ರಷ್ಟು ಬದಲಾಗುತ್ತದೆ. ಇದು ವಾರ್ಷಿಕ ಉಂಗುರಗಳ ಗುಂಟ ಸೀಳಿದ ಹಲಗೆಯ ಲೆಕ್ಕ. ತಿರುಳಿನಿಂದ ಹೊರಕ್ಕೆ ಸೀಳಿದ್ದರೆ ಅದರ ಅರ್ಧದಷ್ಟು. ನಮ್ಮ ಸ್ಟೂಲಿನ ಮೇಲ್ಹಲಗೆ 350 ಮಿ.ಮೀ. ಅಗಲವಿದೆ, ಮಳೆಗಾಲದಲ್ಲಿ ಶೇ 15 ತೇವ ಇದ್ದಾಗ ಕೂರಿಸಿದ್ದೇವೆ, ಬೇಸಗೆಗೆ ಶೇ 10ಕ್ಕೆ ಇಳಿಯಿತು ಎನ್ನಿ. ಹಲಗೆ 3 ಮಿ.ಮೀ.ಗೂ ಹೆಚ್ಚು ಕುಗ್ಗುತ್ತದೆ. ಉದ್ದದ ದಿಕ್ಕಿನಲ್ಲಿ ಅದು ಹೆಚ್ಚುಕಮ್ಮಿ ಇದ್ದಂತೆಯೇ ಇರುತ್ತದೆ. ಹಾಗಾಗಿ ಕೆಳಗಿನ ಅಡ್ಡಪಟ್ಟಿಗಳು ಉದ್ದದಲ್ಲಿ ಕುಗ್ಗುವುದಿಲ್ಲ, ಮೇಲಿನ ಹಲಗೆ ಕುಗ್ಗುತ್ತದೆ. ಎರಡನ್ನೂ ಅಂಟು ಹಾಕಿ ಬಿಗಿದಿದ್ದರೆ ಸೀಳುವುದು ಹಲಗೆ. ಮಾರ್ಚಿನ ಒಂದು ರಾತ್ರಿ 'ಟಪ್' ಎಂದು ಸದ್ದು ಬರುವುದು ಇದಕ್ಕೇ.

ಹಾಗಾಗಿ ಹಲಗೆಗೆ ಸ್ಕ್ರೂ ಹಾಕಲು ಅಡ್ಡಪಟ್ಟಿಯಲ್ಲಿ ಮಾಡುವ ತೂತನ್ನು ದುಂಡಗೆ ಕೊರೆಯದೆ ಹಲಗೆಯ ಎಳೆಗೆ ಅಡ್ಡಲಾಗಿ 8ರಿಂದ 10 ಮಿ.ಮೀ. ಉದ್ದದ ಸೀಳಾಗಿ ಕೊರೆಯುತ್ತಾರೆ. ಹಲಗೆ ಜರುಗಲು ಜಾಗ ಸಿಗುತ್ತದೆ. ಇದನ್ನು ಸ್ಲೈಡಿನಲ್ಲಿ ಓದಿ ಕಲಿಯಬಹುದು, ಆದರೆ ಒಂದು ಹಲಗೆಯನ್ನಾದರೂ ಸೀಳಿಸಿಕೊಳ್ಳದವರಿಗೆ ಅದು ನೆನಪಿರುವುದಿಲ್ಲ. ವರ್ಕ್‌ಶಾಪಿನಲ್ಲಿ ಎರಡು ಮುಳ್ಳಿನ ತೇವಮಾಪಕ ಇದೆಯೇ ಎಂದು ಕೇಳಬೇಕಾದ್ದೂ ಇದಕ್ಕೇ. ಸಾಮಿಲ್ಲಿನಿಂದ ಹೊಸದಾಗಿ ಕೊಯ್ದು ತಂದ ಮರದಲ್ಲಿ ಶೇ 25ಕ್ಕೂ ಹೆಚ್ಚು ತೇವ ಇರಬಹುದು. ಮನೆಯೊಳಗಿನ ಪೀಠೋಪಕರಣಕ್ಕೆ ಬೇಕಾದ್ದು 10ರಿಂದ 12ರ ಆಸುಪಾಸು. ಹಸಿ ಮರದಲ್ಲಿ ಮಾಡಿದ ಕೆಲಸವನ್ನು ನೋಡಿ ಅಂಕ ಕೊಡುವ ಹೊತ್ತಿಗೆ ಅದು ಇನ್ನೂ ನೆಟ್ಟಗೇ ಇರುತ್ತದೆ. ಸೊಟ್ಟಗಾಗುವುದು ರಜೆಯಲ್ಲಿ.

ಪ್ಲೈವುಡ್ಡಿಗೆ ಈ ಚಪಲ ಕಡಿಮೆ, ಅದರ ತೊಂದರೆ ಬೇರೆ. 8 ಅಡಿ 4 ಅಡಿಯ ಹಾಳೆ ಎಂದರೆ 2440ಕ್ಕೆ 1220 ಮಿ.ಮೀ. 1220ನ್ನು ನಾಲ್ಕರಿಂದ ಭಾಗಿಸಿದರೆ 305. ಹಾಗಾಗಿ ಪುಸ್ತಕದ ಕಪಾಟಿಗೆ 305 ಮಿ.ಮೀ. ಆಳದ ನಾಲ್ಕು ಹಲಗೆ ಬರುತ್ತವೆ ಎಂದು ವಿದ್ಯಾರ್ಥಿ ಬರೆಯುತ್ತಾನೆ. ಗರಗಸದ ಬ್ಲೇಡೇ ಪ್ರತಿ ಕೊಯ್ತಕ್ಕೆ 3 ಮಿ.ಮೀ. ನುಂಗುತ್ತದೆ, ಮೂರು ಕೊಯ್ತಕ್ಕೆ 9. ಲಾರಿಯಲ್ಲಿ ಬಂದ ಹಾಳೆಯ ಅಂಚು ನಜ್ಜಾಗಿರುತ್ತದೆ, ಎರಡು ಕಡೆಯೂ 5 ಮಿ.ಮೀ. ತೆಗೆಯಬೇಕು. ಉಳಿದದ್ದು 1201. ಅಂದರೆ ಹಲಗೆ 300 ಮಿ.ಮೀ. ಅಷ್ಟೆ. ಆ 5 ಮಿ.ಮೀ.ಗೆ ಹಟ ಹಿಡಿದರೆ ಹಾಳೆಗೆ ನಾಲ್ಕರ ಬದಲು ಮೂರು ಸಾಲು ಸಿಗುತ್ತದೆ, ಉಳಿದ ಕಾಲು ಭಾಗ ಮೂಲೆ ಸೇರುತ್ತದೆ. ನೂರು ಕಪಾಟು ಮಾಡುವ ಅಂಗಡಿಯವನು ಇದನ್ನು ನೋಡಿದೊಡನೆ ಡ್ರಾಯಿಂಗ್ ಮಡಿಸಿ ವಾಪಸು ಕೊಡುತ್ತಾನೆ.

ಹಲಗೆಯ ಬಾಗುವಿಕೆಯದೂ ಇಂಥದೇ ಲೆಕ್ಕ. ಉದ್ದಕ್ಕೂ ಒಂದೇ ಸಮ ಪುಸ್ತಕ ಜೋಡಿಸಿದ ಹಲಗೆಯ ಉದ್ದವನ್ನು ದುಪ್ಪಟ್ಟು ಮಾಡಿದರೆ ಅದು ಬಾಗುವುದು ದುಪ್ಪಟ್ಟಲ್ಲ, ಹದಿನಾರು ಪಟ್ಟು. 600 ಮಿ.ಮೀ.ಗೆ ಕಾಣದ ಜೋಲು 1200ಕ್ಕೆ ಬಾಳೆಎಲೆಯಾಗುತ್ತದೆ. 18 ಮಿ.ಮೀ. ಪ್ಲೈನಲ್ಲಿ ಪುಸ್ತಕದ ಹಲಗೆಯನ್ನು 750ರಿಂದ 800ರ ಒಳಗೇ ಮುಗಿಸುವುದು ಕ್ಷೇಮ. ಮರದ ನಾರು, ಚೂರುಗಳನ್ನು ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಆದರೆ ಇನ್ನೂ ಕಡಿಮೆ.

ಸಾಮಗ್ರಿಯ ಅಂದಾಜನ್ನು ಸ್ಟೂಲಿನಲ್ಲೇ ಮುಗಿಸಿಬಿಡೋಣ. 40 ಮಿ.ಮೀ. ಚೌಕದ 450 ಎತ್ತರದ ನಾಲ್ಕು ಕಾಲು. 350 ಚೌಕದ 22 ದಪ್ಪದ ಮೇಲ್ಹಲಗೆ. ನಾಲಿಗೆಯೂ ಸೇರಿ 270 ಉದ್ದದ ಎಂಟು ಪಟ್ಟಿ, ಮೇಲಿನ ನಾಲ್ಕು 60 ಅಗಲ, ಕೆಳಗಿನ ನಾಲ್ಕು 30 ಅಗಲ. ಒಟ್ಟು ಮರ ಸುಮಾರು 0.27 ಘನ ಅಡಿ, ಸಾಮಿಲ್ ಭಾಷೆಯಲ್ಲಿ ಸಿಎಫ್‌ಟಿ. ಆದರೆ 40 ಬರಲು 50ರ ತುಂಡು ತರಬೇಕು, 22 ಬರಲು 28ರದ್ದು, ಉದ್ದದಲ್ಲಿ ಹತ್ತಿಪ್ಪತ್ತು ಮಿ.ಮೀ. ಹೆಚ್ಚು, ಗಂಟು ಮತ್ತು ಸೀಳಿಗೆ ಇನ್ನಷ್ಟು. ಕೊಳ್ಳಬೇಕಾದ್ದು 0.45ರ ಹತ್ತಿರ ಹೋಗುತ್ತದೆ. ಅಂತಿಮ ಅಳತೆಯ ಮೇಲೆ ವೆಚ್ಚ ಹಾಕಿದ ವಿದ್ಯಾರ್ಥಿ ಮರದ ಖರ್ಚನ್ನು ಮೂರರಲ್ಲಿ ಎರಡು ಪಾಲಿಗೂ ಕಡಿಮೆ ತೋರಿಸಿರುತ್ತಾನೆ. ಕೂಲಿ, ಪಾಲಿಶ್, ಸಾಗಣೆ ಇನ್ನೂ ಸೇರಿಲ್ಲ.

ಚಂದ್ರಿಕೆಯನ್ನು ತಿದ್ದಲು ಹೊರಟರೆ

ಪ್ರಾಡಕ್ಟ್ ಡಿಸೈನ್ ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಲು ಹೆಡ್‌ಫೋನಿನ ಉದಾಹರಣೆ ಬೇಕಿಲ್ಲ. ಮಂಡ್ಯ, ಮೈಸೂರು, ರಾಮನಗರದ ರೇಷ್ಮೆ ಬೆಳೆಗಾರರ ಮನೆಯ ಗೋಡೆಗೆ ಒರಗಿಸಿಟ್ಟ ಚಂದ್ರಿಕೆ ಸಾಕು. 6 ಅಡಿ 4 ಅಡಿಯ ಬಿದಿರಿನ ಚಾಪೆ, ಅದರ ಮೇಲೆ ಸುರುಳಿಯಾಗಿ ಸುತ್ತಿ ನಿಲ್ಲಿಸಿದ ಬಿದಿರಿನ ಪಟ್ಟಿ. ಹಣ್ಣಾದ ಹುಳುಗಳನ್ನು ಇದರ ಮೇಲೆ ಬಿಟ್ಟರೆ ಸುರುಳಿಯ ಸಂದಿಯಲ್ಲಿ ಗೂಡು ಕಟ್ಟುತ್ತವೆ. ಒಂದಕ್ಕೆ ಸಾವಿರದ ಆಸುಪಾಸು ಹುಳು.

ಇದನ್ನು ಮರುವಿನ್ಯಾಸ ಮಾಡಿ ಎಂದು ತರಗತಿಯಲ್ಲಿ ಹೇಳಿದರೆ ಹೆಚ್ಚಿನವರು ಮೊದಲು ಕೈಹಾಕುವುದು ಮಡಿಸುವಂತೆ ಮಾಡುವುದಕ್ಕೆ. ಕಾರಣವೂ ಸರಿಯೇ: ಬೆಳೆ ಇಲ್ಲದ ದಿನಗಳಲ್ಲಿ ಚಂದ್ರಿಕೆಗಳು ಒಂದು ಕೋಣೆಯನ್ನೇ ತಿನ್ನುತ್ತವೆ, ಅದಕ್ಕೇ ಕೆಲವರು ಬಾಡಿಗೆಗೆ ತರುತ್ತಾರೆ. ನಡುವೆ ಹಿಂಜ್ ಇಟ್ಟು ಮಡಿಸಿದ ಮಾದರಿ ಪ್ರದರ್ಶನದಲ್ಲಿ ಚಪ್ಪಾಳೆ ಗಿಟ್ಟಿಸಬಹುದು. ಹುಳುವಿಗೆ ಹಿಂಜ್ ಸಂದಿಯೂ ಒಂದು ಸಂದಿಯೇ. ಅಲ್ಲೇ ಗೂಡು ಕಟ್ಟಿದರೆ ಮಡಿಸುವಾಗ ಅಪ್ಪಚ್ಚಿ. ಸಂದಿ ತೀರಾ ಕಿರಿದಾದರೆ ಗೂಡಿನ ಆಕಾರ ಕೆಡುತ್ತದೆ, ಹುಳು ಒತ್ತೊತ್ತಾಗಿ ಬಿದ್ದರೆ ಎರಡು ಸೇರಿ ಒಂದೇ ಗೂಡು ಕಟ್ಟುತ್ತವೆ. ಅಂಥ ಜೋಡಿಗೂಡಿನ ನೂಲು ಸರಾಗವಾಗಿ ಬಿಚ್ಚಿಕೊಳ್ಳುವುದಿಲ್ಲ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ.

ಇನ್ನೊಬ್ಬರು ಪ್ಲಾಸ್ಟಿಕ್ ಎನ್ನುತ್ತಾರೆ. ಪ್ಲಾಸ್ಟಿಕ್ಕಿನ ಮಡಿಸುವ ಚಂದ್ರಿಕೆಗಳು ಈಗಾಗಲೇ ಬಳಕೆಯಲ್ಲಿವೆ. ತೊಳೆಯಲು ಸುಲಭ, ಜಾಗ ಉಳಿತಾಯ, ಬೆಳೆ ಮುಗಿದ ಮೇಲೆ ಸೋಂಕು ನಿವಾರಕದಲ್ಲಿ ಅದ್ದಿದರೂ ಕೊಳೆಯುವುದಿಲ್ಲ. ಆದರೆ ಗೂಡು ಕಟ್ಟುವ ಮೊದಲು ಹುಳು ಮೈಯಲ್ಲಿರುವ ಕೊನೆಯ ಮೂತ್ರವನ್ನು ಹೊರಹಾಕುತ್ತದೆ. ಬಿದಿರು ಅದನ್ನು ಸ್ವಲ್ಪ ಹೀರಿಕೊಳ್ಳುತ್ತದೆ, ಚಾಪೆಯ ಸಂದಿಯಲ್ಲಿ ಗಾಳಿ ಆಡುತ್ತದೆ. ಪ್ಲಾಸ್ಟಿಕ್ ಒಂದು ಹನಿಯನ್ನೂ ಹೀರುವುದಿಲ್ಲ. ಗಾಳಿಯಾಡದ ಕೋಣೆಯಲ್ಲಿ ಆ ತೇವ ಗೂಡಿಗೇ ತಿರುಗಿ ತಗಲಿ, ನೂಲಿನ ಗುಣ ಕೆಡುತ್ತದೆ. ಅಂದರೆ ವಸ್ತು ಬದಲಾದರೆ ಕಿಟಕಿಯೂ ಬದಲಾಗಬೇಕು. ಡಿಸೈನಿನ ವಸ್ತು ಚಂದ್ರಿಕೆಯೋ ಕೋಣೆಯೋ ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ, ಒಳ್ಳೆಯ ಮೇಷ್ಟ್ರು ಕಾಯುವುದೇ ಈ ಗಳಿಗೆಗಾಗಿ.

ಆಮೇಲೆ ಅದನ್ನು ಹೊತ್ತು ಬಿಸಿಲಿನಿಂದ ನೆರಳಿಗೆ ಓಡಿಸುವವರು ಯಾರು? ಬಹುಪಾಲು ಮನೆಯ ಹೆಂಗಸರು. ಅವರ ತೋಳಿನ ಹರವೆಷ್ಟು, ಬಾಗಿಲಿನ ಅಗಲವೆಷ್ಟು, ಬಿದಿರಿನ ಸಿಬಿರು ಬೆರಳಿನ ಯಾವ ಜಾಗಕ್ಕೆ ಚುಚ್ಚುತ್ತದೆ? ಮಿಶ್ರತಳಿಯಾದರೆ ಐದಾರನೆಯ ದಿನಕ್ಕೆ, ದ್ವಿತಳಿಯಾದರೆ ಏಳೆಂಟನೆಯ ದಿನಕ್ಕೆ ಗೂಡು ಬಿಡಿಸಬೇಕು. ಆ ದಿನ ಸಾವಿರ ಗೂಡು ಕೀಳುವ ಕೈಗೆ ಪಟ್ಟಿಯ ಎತ್ತರ ಅಡ್ಡಿಯಾಗುತ್ತದೆಯೇ? ಕನಿಷ್ಠ ಎರಡು ಬೆಳೆಯನ್ನಾದರೂ ಜೊತೆಗಿದ್ದು ನೋಡದೆ ಇದಕ್ಕೆಲ್ಲ ಉತ್ತರ ಸಿಗುವುದಿಲ್ಲ. ಮೈಸೂರಿನಲ್ಲೇ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದೆ, ಮೈಸೂರು–ಬೆಂಗಳೂರು ದಾರಿಯಲ್ಲೇ ರಾಮನಗರದ ಗೂಡಿನ ಮಾರುಕಟ್ಟೆ ಇದೆ. ಇಷ್ಟು ಹತ್ತಿರದ ಪಾಠಶಾಲೆ ಬಿಟ್ಟು ಸ್ಕ್ಯಾಂಡಿನೇವಿಯಾದ ದೀಪದ ಚಿತ್ರ ನಕಲು ಮಾಡಿಸುವ ಸಿಲಬಸ್ಸಿನ ಮೇಲೆ ಸಿಟ್ಟು ಬಂದರೆ ಆಶ್ಚರ್ಯವಿಲ್ಲ. ಆಲೆಮನೆಯ ಬೆಲ್ಲದ ಅಚ್ಚೂ ಹೀಗೇ: ಮೊದಲೇ ಒದ್ದೆ ಮಾಡದಿದ್ದರೆ ಅಂಟುತ್ತದೆ, ಪಕ್ಕಗಳಿಗೆ ಇಳಿಜಾರು ಸಾಲದಿದ್ದರೆ ಅಚ್ಚು ಬಿಡುವುದಿಲ್ಲ. ಪ್ಲಾಸ್ಟಿಕ್ ಅಚ್ಚಿನ ಆ 1–2 ಡಿಗ್ರಿಯ ಪಾಠವನ್ನು ಮಂಡ್ಯದ ಹುಡುಗ ಮನೆಯಲ್ಲೇ ಕಂಡಿರುತ್ತಾನೆ. ಹಾಗೆಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಕಸುಬು ಇದೆ, ಕೋರ್ಸು ದೂರ

ಭಾರತದಲ್ಲಿ ಡಿಸೈನ್ ಶಿಕ್ಷಣದ ಮಾತು ಬಂದರೆ 1958ರಲ್ಲಿ ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಸರ್ಕಾರಕ್ಕೆ ಕೊಟ್ಟ ವರದಿ, 1961ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ಎನ್‌ಐಡಿ, 1969ರಲ್ಲಿ ಐಐಟಿ ಬಾಂಬೆಯಲ್ಲಿ ಶುರುವಾದ ಐಡಿಸಿ (ಕೈಗಾರಿಕಾ ವಿನ್ಯಾಸ ಕೇಂದ್ರ) ಎಂದು ಹೇಳುವುದು ರೂಢಿ. ಈಮ್ಸ್ ದಂಪತಿ ಆ ವರದಿಯಲ್ಲಿ ಕೊಂಡಾಡಿದ್ದು ನಮ್ಮ ದಿನಬಳಕೆಯ ಚೊಂಬನ್ನು. ಮೈಸೂರು ಇದಕ್ಕೂ ದಶಕಗಳ ಮೊದಲೇ ಕಸುಬನ್ನು ಶಾಲೆಗೆ ತಂದಿತ್ತು. ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಮರಗೆಲಸ, ಕೆತ್ತನೆಗಳೆಲ್ಲ ಪಾಠವಾಗಿದ್ದವು. ಅದರ ಉತ್ತರಾಧಿಕಾರಿ ಕಾವಾ ಈಗ ದೃಶ್ಯಕಲೆಯ ಕಾಲೇಜು. ಹಳೆಯ ಕಟ್ಟಡದಲ್ಲಿ ಕಾವೇರಿ ಎಂಪೋರಿಯಂ. ಮಾಡುವುದು, ಕಲಿಸುವುದು, ಮಾರುವುದು ಒಂದೇ ಸೂರಿನಡಿ ಇದ್ದದ್ದು ಮೂರು ದಾರಿ ಹಿಡಿಯಿತು.

ಇದರ ಪರಿಣಾಮವನ್ನು, ಮರದಲ್ಲಿ ಕುಳಿ ತೆಗೆದು ಬೇರೆ ವಸ್ತು ಕೂರಿಸಿ ಚಿತ್ರ ಮಾಡುವ ಬೀಟೆ ಮರದ ಇನ್‌ಲೇ ಕೆಲಸದಲ್ಲಿ ನೋಡಬಹುದು. ಅರಮನೆಯ ಬಾಗಿಲುಗಳಲ್ಲಿ ದಂತ ಕೂರಿಸುತ್ತಿದ್ದ ಕಾಲ ಹೋಯಿತು. 1991ರಲ್ಲಿ ಆಮದು ದಂತದ ವ್ಯಾಪಾರಕ್ಕೂ ತೆರೆ ಬಿದ್ದ ಮೇಲೆ ಹಲಸು ಮುಂತಾದ ಬಣ್ಣದ ಮರಗಳೂ ಪ್ಲಾಸ್ಟಿಕ್ ಹಾಳೆಗಳೂ ಆ ಜಾಗಕ್ಕೆ ಬಂದವು. ಬೀಟೆಯೂ ಸುಲಭವಾಗಿ ಉಳಿಯಲಿಲ್ಲ. 2017ರಿಂದ ಅದರ ಇಡೀ ಕುಲವೇ ಅಳಿವಿನ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ, ರಫ್ತಿಗೆ ಕಾಗದಪತ್ರದ ಗೋಜು. ವಸ್ತು ಬದಲಾದರೂ ಮಾಡುವ ಚಿತ್ರಗಳು ಬಹುಮಟ್ಟಿಗೆ ಅವೇ: ಆನೆ, ದಸರೆ, ಹಳ್ಳಿಯ ಹೆಣ್ಣು. ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ಬಂದು ಇಪ್ಪತ್ತು ವರ್ಷವಾದರೂ ಗೋಡೆಯ ಪಟದಿಂದ ಮೇಜಿಗೆ, ಮೇಜಿನಿಂದ ಬಾಗಿಲ ಹಿಡಿಕೆಗೆ ಕಸುಬು ದಾಟಿದ್ದು ಅಲ್ಪ. ದಾಟಿಸುವ ಕೆಲಸ ಡಿಸೈನರಿನದು. ಅವನು ಈ ಊರಿನಲ್ಲಿ ತಯಾರಾಗುವುದು ಅಪರೂಪ.

ಪೂರ್ತಿ ಬರಿದೂ ಅಲ್ಲ. ಮೈಸೂರಿನ ಎನ್‌ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್‌ನಂಥ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ಓದಿದವರು ಸೀಡ್ ಎಂಬ ಪ್ರವೇಶ ಪರೀಕ್ಷೆ ಬರೆದು ಡಿಸೈನಿನ ಸ್ನಾತಕೋತ್ತರ ಪದವಿಯಾದ ಎಂ.ಡಿಸ್.ಗೆ ಹೋಗಬಹುದು, ಬೆಂಗಳೂರಿನ ಐಐಎಸ್‌ಸಿಯಲ್ಲೂ ಪ್ರಾಡಕ್ಟ್ ಡಿಸೈನಿನ ಎಂ.ಡಿಸ್. ಇದೆ. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರಗಳ ಮೇಲೆ ಮರಗೆಲಸದ ತರಬೇತಿ ಸಿಗುತ್ತದೆ. ಡಿಗ್ರಿ ಬೇಡ, ಕಾರ್ಖಾನೆಯ ಕೆಲಸ ಬೇಕು ಎನ್ನುವವರಿಗೆ ಅದು ಡಿಗ್ರಿಗಿಂತ ಹತ್ತಿರದ ದಾರಿ.

ನೇರ ಬಿ.ಡಿಸ್.ಗೆ ಹೋಗುವವರಿಗೆ ದೊಡ್ಡ ಬಾಗಿಲು ಎರಡು ಪ್ರವೇಶ ಪರೀಕ್ಷೆಗಳು: ಐಐಟಿ ಬಾಂಬೆ ನಡೆಸುವ ಯುಸೀಡ್, ಎನ್‌ಐಡಿಯ ಡ್ಯಾಟ್. ಇಲ್ಲಿ ಸಿಇಟಿ ರ‍್ಯಾಂಕ್ ಲೆಕ್ಕಕ್ಕಿಲ್ಲ. ಯುಸೀಡ್ 300 ಅಂಕದ್ದು: ಕಂಪ್ಯೂಟರಿನಲ್ಲಿ ಎರಡು ಗಂಟೆಯ 200 ಅಂಕದ ಭಾಗ, ಕಾಗದದ ಮೇಲೆ ಒಂದು ಗಂಟೆಯ 100 ಅಂಕದ ಚಿತ್ರ ಮತ್ತು ಡಿಸೈನ್ ಭಾಗ. ಕಲಾ, ವಾಣಿಜ್ಯ, ವಿಜ್ಞಾನ ಯಾವುದು ಓದಿದವರೂ ಬರೆಯಬಹುದು, ಆದರೆ ಸೀಟು ಕೊಡುವ ಸಂಸ್ಥೆಯೊಂದೊಂದರ ಷರತ್ತನ್ನೂ ಬೇರೆಯಾಗಿ ಓದಿಕೊಳ್ಳಬೇಕು. ಎನ್‌ಐಡಿಯ ಎರಡನೆಯ ಹಂತದಲ್ಲಿ ಸ್ಟುಡಿಯೋ ಟೆಸ್ಟ್ ಇರುತ್ತದೆ. ತಂತಿ, ಜೇಡಿಮಣ್ಣು, ಕಾಗದದಂಥ ವಸ್ತು ಕೊಟ್ಟು ಕಟ್ಟಿಸುತ್ತಾರೆ. ಅಂದರೆ ಬಡಗಿಯ ಮಗನೋ ಕುಂಬಾರರ ಮಗಳೋ ಮುಂದಿರಬೇಕಾದ ಪರೀಕ್ಷೆ. ಆದರೆ ಅದಕ್ಕೂ ಮುಂಚಿನ ಲಿಖಿತ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇಲ್ಲ. ಕೈ ಬಲ್ಲವರನ್ನು ಹುಡುಕುವ ಪರೀಕ್ಷೆ ಮೊದಲ ಹೆಬ್ಬಾಗಿಲಲ್ಲೇ ಅವರನ್ನು ಭಾಷೆಯ ಜರಡಿಗೆ ಹಾಕುತ್ತದೆ. ಇದನ್ನು ಸರಿಮಾಡಿ ಎಂದು ಕೇಳುವ ದನಿಯೂ ನಮ್ಮಲ್ಲಿ ಗಟ್ಟಿಯಾಗಿಲ್ಲ.

ಓದಿದ ಮೇಲೆ ಕೆಲಸ? ಮಾಡ್ಯುಲರ್ ಕಿಚನ್ ಮತ್ತು ವಾರ್ಡ್‌ರೋಬ್ ಕಾರ್ಖಾನೆಗಳು, ಆಫೀಸ್ ಫರ್ನಿಚರ್, ವಾಹನದ ಬಿಡಿಭಾಗ, ಆಟಿಕೆ, ಅಡುಗೆ ಉಪಕರಣ. ಕಾರ್ಖಾನೆಗೆ ಸೇರಿದ ಮೊದಲ ವಾರವೇ ಕೇಳುವುದು 32 ಮಿ.ಮೀ. ಪದ್ಧತಿ ಗೊತ್ತೇ ಎಂದು. ಪಕ್ಕದ ಹಲಗೆಯ ಮುಂದಿನ ಅಂಚಿನಿಂದ 37 ಮಿ.ಮೀ. ಒಳಗೆ, 32 ಮಿ.ಮೀ. ಅಂತರದಲ್ಲಿ, 5 ಮಿ.ಮೀ. ವ್ಯಾಸದ ತೂತುಗಳ ಸಾಲು. ಹಿಂಜ್, ಡ್ರಾಯರ್ ಚಾನೆಲ್ ಎಲ್ಲವೂ ಇದಕ್ಕೇ ಹೊಂದಿಕೊಂಡಿವೆ. ಪ್ರಾಡಕ್ಟ್ ಡಿಸೈನ್ ಓದಿದ ಅನೇಕರು ಕೊನೆಗೆ ಮೊಬೈಲ್ ಆ್ಯಪಿನ ಪರದೆ ವಿನ್ಯಾಸಕ್ಕೆ ಹೋಗುತ್ತಾರೆ ಎಂಬುದನ್ನೂ ಮುಚ್ಚಿಡಬೇಕಿಲ್ಲ. ಸಂಬಳ ಅಲ್ಲಿ ಮೊದಲೇ ಸಿಗುತ್ತದೆ.

ಫರ್ನಿಚರಿನ ಕಡೆ ಹೊಸ ಬೇಡಿಕೆ ಹುಟ್ಟಿಸಬಹುದಾದದ್ದು ಮಾನದಂಡ. ಕೆಲಸದ ಕುರ್ಚಿಗೆ ಐಎಸ್ (ಭಾರತೀಯ ಮಾನದಂಡ) 17631, ಸಾಮಾನ್ಯ ಕುರ್ಚಿ ಮತ್ತು ಸ್ಟೂಲಿಗೆ 17632, ಮೇಜಿಗೆ 17633, ಕಪಾಟಿಗೆ 17634, ಮಂಚಕ್ಕೆ 17635, ಒಂದರ ಮೇಲೊಂದಿರುವ ಮಂಚಕ್ಕೆ 17636: ಇವು 2022ರ ಮಾನದಂಡಗಳು. ಇವನ್ನು ಕಡ್ಡಾಯ ಮಾಡುವ ಗುಣಮಟ್ಟ ನಿಯಂತ್ರಣ ಆದೇಶವನ್ನು ಕೇಂದ್ರ 2025ರಲ್ಲಿ ಹೊರಡಿಸಿತು. ಇಂಥ ಆದೇಶಗಳ ಜಾರಿ ದಿನ ಆಚೀಚೆ ಆಗುವುದುಂಟು. ಆದರೂ ಕುರ್ಚಿಯನ್ನು ಭಾರ ಹಾಕಿ ಸಾವಿರಾರು ಸಲ ಒತ್ತಿ ನೋಡುವ ಪರೀಕ್ಷೆ ಬಂದ ಮೇಲೆ, ಎಲ್ಲಿ ಮುರಿಯುತ್ತದೆ ಎಂದು ಮೊದಲೇ ಹೇಳಬಲ್ಲವರನ್ನು ಕಾರ್ಖಾನೆ ಹುಡುಕಲೇಬೇಕು. ಅನುಭವಸ್ಥರಿಗೆ ಜಾಗ ಗೊತ್ತು: ಪಕ್ಕದ ಪಟ್ಟಿ ಹಿಂದಿನ ಕಾಲಿಗೆ ಸೇರುವ ಕೀಲು. ಊಟವಾದ ಮೇಲೆ ಕುರ್ಚಿಯನ್ನು ಹಿಂದಿನ ಎರಡು ಕಾಲಿನ ಮೇಲೆ ವಾಲಿಸಿ ಕೂರುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಆಗ ಮೈಭಾರವೆಲ್ಲ ಆ ಕೀಲನ್ನು ಸನ್ನೆಯಂತೆ ಮೀಟುತ್ತದೆ. ಪಟ್ಟಿಯ ಅಗಲವನ್ನು 40ರಿಂದ 60ಕ್ಕೆ ಏರಿಸಿದರೆ, ಅಥವಾ ಕೆಳಗೆ ಇನ್ನೊಂದು ಪಟ್ಟಿ ಕೊಟ್ಟರೆ ಬಾಳಿಕೆ ಎಷ್ಟೋ ಹೆಚ್ಚುತ್ತದೆ. ದಪ್ಪ ಏರಿಸಿದರೆ ಅಷ್ಟು ಗಿಟ್ಟುವುದಿಲ್ಲ.

ಕಾಲೇಜು ನೋಡಲು ಹೋದಾಗ

ಸ್ವಾಗತ ಕೋಣೆಯಲ್ಲಿ ಕೊಡುವ ಬಣ್ಣದ ಪುಸ್ತಕ ಪಕ್ಕಕ್ಕಿಟ್ಟು ವರ್ಕ್‌ಶಾಪ್ ತೋರಿಸಿ ಎನ್ನಿ. ಬೀಗ ಹುಡುಕಲು ಹತ್ತು ನಿಮಿಷ ಹಿಡಿದರೆ ಅರ್ಧ ಉತ್ತರ ಸಿಕ್ಕಿತು. ತರಗತಿಯಲ್ಲಿ ಎಷ್ಟು ಮಂದಿ, ಕೆಲಸದ ಬೆಂಚು ಎಷ್ಟು? ಮೂವತ್ತಕ್ಕೆ ನಾಲ್ಕೇ ಇದ್ದರೆ ಉಳಿದವರು ನೋಡಿ ಕಲಿಯುವವರು. ಸಂಜೆ ನಾಲ್ಕೂವರೆಗೆ ಮುಚ್ಚುತ್ತಾರೋ, ರಾತ್ರಿಯೂ ತೆರೆದಿರುತ್ತದೋ? ಮರದ ಖರ್ಚು ಫೀಸಿನಲ್ಲಿ ಸೇರಿದೆಯೋ, ವಿದ್ಯಾರ್ಥಿಯ ಜೇಬಿನಿಂದಲೋ? ಇದು ನಾಲ್ಕು ವರ್ಷಕ್ಕೆ ಸಣ್ಣ ಮೊತ್ತವಲ್ಲ. ವರ್ಕ್‌ಶಾಪಿನಲ್ಲಿ ದಿನವಿಡೀ ಇರುವ ಕುಶಲಕರ್ಮಿ ಯಾರು, ಅವರ ಹೆಸರು ವಿದ್ಯಾರ್ಥಿಗಳಿಗೆ ಗೊತ್ತಿದೆಯೇ?

ಟೇಬಲ್ ಗರಗಸದ ಬ್ಲೇಡಿನ ಹಿಂದೆ, ಬ್ಲೇಡಿಗೆ ಅಂಟಿಕೊಂಡಂತೆ ನಿಂತ ತೆಳು ಉಕ್ಕಿನ ತಗಡು ಇದೆಯೇ ನೋಡಿ. ಕೊಯ್ದ ಮರ ಹಿಂದೆ ಮತ್ತೆ ಕೂಡಿ ಬ್ಲೇಡನ್ನು ಹಿಡಿದರೆ ಹಲಗೆ ಬಾಣದಂತೆ ಕೊಯ್ಯುವವನ ಹೊಟ್ಟೆಗೇ ಹಿಂತಿರುಗುತ್ತದೆ. ಆ ತಗಡು ಇರುವುದು ಅದನ್ನು ತಡೆಯಲು. ಕೆಲಸಕ್ಕೆ ಅಡ್ಡ ಎಂದು ಅದನ್ನು ಬಿಚ್ಚಿಟ್ಟಿರುವ ಕಡೆ ಮಕ್ಕಳನ್ನು ಬಿಡಬೇಡಿ. ಧೂಳು ಎಳೆಯುವ ಕೊಳವೆಯೂ ಅಷ್ಟೇ ಮುಖ್ಯ. ಗಟ್ಟಿ ಮರದ ಧೂಳು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಪಟ್ಟಿಮಾಡಿದೆ, ಬೀಟೆಯ ಧೂಳು ಕೆಲವರ ಚರ್ಮಕ್ಕೆ ಆಗುವುದಿಲ್ಲ.

ಕೊನೆಗೆ ಹಿಂದಿನ ವರ್ಷದವರ ಕೆಲಸ ಎಲ್ಲಿ ಎಂದು ಕೇಳಿ. ಗೋಡೆಯ ಮೇಲೆ ಚಿತ್ರ ಮಾತ್ರ ಇದ್ದರೆ ಅಲ್ಲಿಂದ ಹೊರಡಿ. ಒಂದು ಸ್ಟೂಲೋ ಕುರ್ಚಿಯೋ ಇದ್ದರೆ ಅದರ ಮೇಲೆ ಕೂತು ಎಡಕ್ಕೆ ಬಲಕ್ಕೆ ಒಮ್ಮೆ ಅಲುಗಿ, ಆಮೇಲೆ ತಲೆಕೆಳಗು ಮಾಡಿ. ಮೇಲ್ಹಲಗೆಯ ಸ್ಕ್ರೂ ತೂತು ದುಂಡಗಿದೆಯೋ, ಸೀಳಿನಂತಿದೆಯೋ ನೋಡಿ.